ಸೊನ್ನೆ, ಎರಡು, ಒಂದು, ಮೂರು

ನನ್ನ ಕೈಯಿಂದ ತಯಾರಾದ ಮೊದಲ ವಿಡಿಯೊ ಗೇಮ್ ಕಾರ್ಟ್ರಿಜ್ ಅಂಕಿಗಳನ್ನು ತಪ್ಪು ಕ್ರಮದಲ್ಲಿ ಎಣಿಸಿತು.

ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಕನ್ಸೋಲ್ ಎನ್‌ಇಎಸ್‌ಗೆ ಸಿಕ್ಕಿಸಿ ಪವರ್ ಗುಂಡಿ ಒತ್ತಿದೆ. ಪರದೆ ಬೆಳಗಿತು, ಸಂಗೀತ ಶುರುವಾಯಿತು. ಬಟನ್ ಒತ್ತಿದರೆ ಪುಟ್ಟ ಆಕೃತಿ ಓಡಿತು, ಜಿಗಿಯಿತು, ಗೋಡೆ ತಾಗಿದಲ್ಲಿ ನಿಂತಿತು. ಅದರ ಮೈ ಮಾತ್ರ ಏನೋ ಒಡೆದು ಜೋಡಿಸಿದ ಹಾಗಿತ್ತು. ನಾಲ್ಕು ಚೌಕಗಳನ್ನು ಸೇರಿಸಿ ನಾನು ಬರೆದಿದ್ದ ಚಿತ್ರ ಅದು. ಬಲಗಡೆ ಮೇಲಿನ ಚೌಕ ಎಡಗಡೆ ಕೆಳಗೆ ಹೋಗಿತ್ತು, ಅಲ್ಲಿಯದು ಇಲ್ಲಿಗೆ ಬಂದಿತ್ತು. ಆಮೇಲೆ ಮೂಲೆಯಲ್ಲಿದ್ದ ಸೆಕೆಂಡುಗಳ ಎಣಿಕೆ ಕಣ್ಣಿಗೆ ಬಿತ್ತು. 0 ಆದ ಮೇಲೆ 2. ಅದಾದ ಮೇಲೆ 1. ಆಮೇಲೆ 3, 4, 6, 5, 7, 8. 9 ಬರಬೇಕಾದ ಕಡೆ ಇಂಗ್ಲಿಷಿನ ‘ಎ’.

ಇದೇ ಫೈಲು ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ, ಅಂದರೆ ಕನ್ಸೋಲನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ, ಸರಿಯಾಗಿ ಓಡುತ್ತಿತ್ತು. ಚಿಪ್‌ಗೆ ಬರೆದ ಮೇಲೆ ವಾಪಸ್ ಓದಿ ತಾಳೆ ನೋಡಿದ್ದೆ, ಒಂದು ಬೈಟೂ ತಪ್ಪಿರಲಿಲ್ಲ. ಅಂದರೆ ತಪ್ಪು ಇರುವುದು ಚಿಪ್ ಕೂರಿಸಿದ ಸರ್ಕ್ಯೂಟ್ ಬೋರ್ಡಿನಲ್ಲಿ.

ಕಾಗದದ ಮೇಲೆ ಎರಡು ಸಾಲು ಬರೆದುಕೊಂಡೆ. ಮೇಲೆ ಬರಬೇಕಾದದ್ದು, ಕೆಳಗೆ ಬಂದದ್ದು. 0, 3, 4, 7, 8 ತಮ್ಮ ಜಾಗದಲ್ಲೇ ಇವೆ. 1 ಮತ್ತು 2 ಅದಲುಬದಲು, 5 ಮತ್ತು 6 ಅದಲುಬದಲು. 9ರ ಬದಲು ಹತ್ತನೆಯ ಚಿತ್ರ. ಇವನ್ನೇ ಬೈನರಿಯಲ್ಲಿ ಬರೆದಾಗ ವಿಷಯ ತಾನಾಗಿ ಎದ್ದು ಕಂಡಿತು. ಕೊನೆಯಲ್ಲಿ 01 ಇದ್ದ ಕಡೆಯಲ್ಲೆಲ್ಲ 10 ಆಗಿದೆ, 10 ಇದ್ದ ಕಡೆ 01. ಕೊನೆಗೆ 00 ಅಥವಾ 11 ಇದ್ದವಕ್ಕೆ ಏನೂ ಆಗಿಲ್ಲ, ಯಾಕೆಂದರೆ ಅವನ್ನು ತಿರುಗಿಸಿದರೂ ಅವೇ. ಎರಡು ತಂತಿಗಳು ಒಂದರ ಜಾಗಕ್ಕೆ ಇನ್ನೊಂದು ಹೋಗಿವೆ. ಮಲ್ಟಿಮೀಟರ್ ಕೈಗೆ ತೆಗೆದುಕೊಳ್ಳುವ ಮೊದಲೇ ಅವು ಯಾವ ಎರಡು ಎಂಬುದು ಗೊತ್ತಾಗಿತ್ತು. ಚಿಪ್‌ನ ಯಾವ ಜಾಗ ಓದಬೇಕು ಎಂದು ಹೇಳುವ ವಿಳಾಸದ ತಂತಿಗಳಲ್ಲಿ ಎರಡು, ಎ4 ಮತ್ತು ಎ5.

ಆ ಸಂಜೆಯ ಸಂತೋಷ ಇವತ್ತಿಗೂ ನೆನಪಿದೆ. ಆಟ ಸರಿಯಾಗಿ ಓಡಿದ್ದರೆ ಅಷ್ಟು ಸಂತೋಷ ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಎನ್‌ಇಎಸ್ ಚಿತ್ರಗಳನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ಇಟ್ಟುಕೊಳ್ಳುತ್ತದೆ. ಒಂದು ಚೌಕಕ್ಕೆ 16 ಬೈಟ್. ಒಂದೊಂದು ಚುಕ್ಕಿಗೂ ಎರಡು ಬಿಟ್ ಬಣ್ಣ. ಮೊದಲ 8 ಬೈಟ್‌ಗಳಲ್ಲಿ ಒಂದು ಬಿಟ್, ಮುಂದಿನ 8 ಬೈಟ್‌ಗಳಲ್ಲಿ ಇನ್ನೊಂದು. ಹಾಗಾಗಿ ಚಿತ್ರದ ಚಿಪ್‌ಗೆ ಹೋಗುವ ಪ್ರತಿ ವಿಳಾಸದ ತಂತಿಗೂ ಒಂದು ನಿರ್ದಿಷ್ಟ ಕೆಲಸವಿದೆ. ಎ0, ಎ1, ಎ2 ಸೇರಿ ಚೌಕದ ಎಷ್ಟನೆಯ ಸಾಲು ಎಂದು ಹೇಳುತ್ತವೆ. ಬಣ್ಣದ ಯಾವ ಬಿಟ್ ಎಂಬುದು ಎ3ರ ಪಾಲು. ಎ4ರಿಂದ ಎ11ರವರೆಗಿನವು ಎಷ್ಟನೆಯ ಚೌಕ ಎಂದು ಹೇಳುತ್ತವೆ. ಎ12 ಎರಡು ಚಿತ್ರಪಟ್ಟಿಗಳಲ್ಲಿ ಯಾವುದು ಎಂದು ಆರಿಸುತ್ತದೆ. ಇದು ಗೊತ್ತಾದ ಮೇಲೆ ಕೆಟ್ಟ ಪರದೆ ಎಂಬುದೇ ಇಲ್ಲ, ಓದಬೇಕಾದ ಪರದೆ ಮಾತ್ರ ಇದೆ. ಅಕ್ಷರಗಳು ಸ್ಪಷ್ಟವಾಗಿದ್ದು ಒಂದರ ಬದಲು ಇನ್ನೊಂದು ಬಂದರೆ ತಪ್ಪು ಎ4ರಿಂದ ಮೇಲಿದೆ. ಅಕ್ಷರದೊಳಗೇ ಸಾಲುಗಳು ಹಿಂದುಮುಂದಾದರೆ ಎ0, ಎ1, ಎ2ಗಳನ್ನು ನೋಡಬೇಕು. ನಾಲ್ಕು ಬಣ್ಣ ಇರಬೇಕಾದ ಕಡೆ ಎರಡೇ ಬಣ್ಣ ಬಂದರೆ ಎ3 ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಎರಡೂ ಸಲ ಒಂದೇ ಬಿಟ್ ಓದಿ ಬರುತ್ತಿದೆ. ಎಲ್ಲ ಚೌಕಗಳಲ್ಲೂ ಅದೇ ಎರಡು ಕಂಬಸಾಲುಗಳು ಜಾಗ ಬದಲಿಸಿದ್ದರೆ ತಪ್ಪು ವಿಳಾಸದಲ್ಲಿಲ್ಲ, ಡೇಟಾ ತಂತಿಯಲ್ಲಿದೆ. ಒಂದು ಬೈಟಿನ ಎಂಟು ಬಿಟ್ ಅಂದರೆ ಒಂದು ಸಾಲಿನ ಎಂಟು ಚುಕ್ಕಿ ತಾನೆ.

ಇಷ್ಟೆಲ್ಲ ಕೆಟ್ಟರೂ ಆಟ ಯಾಕೆ ನಿಲ್ಲಲಿಲ್ಲ? ಎನ್‌ಇಎಸ್ ಕಾರ್ಟ್ರಿಜ್‌ನ 72 ಪಿನ್‌ಗಳಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಪ್ರೊಸೆಸರ್‌ಗೆ, ಇನ್ನೊಂದು ಚಿತ್ರ ಬಿಡಿಸುವ ಚಿಪ್‌ಗೆ. ಆಟದ ಲೆಕ್ಕಾಚಾರ ಒಂದು ದಾರಿಯಲ್ಲಿ ಬರುತ್ತದೆ, ಬೊಂಬೆಗಳು ಇನ್ನೊಂದು ದಾರಿಯಲ್ಲಿ. ನನ್ನ ಎಣಿಕೆ ನಿಜಕ್ಕೂ 0, 1, 2, 3 ಎಂದೇ ನಡೆದಿತ್ತು. ಒಂದನೆಯ ಚಿತ್ರ ಕೊಡು ಎಂದು ಕೇಳಿದಾಗ ಎರಡನೆಯ ಚಿತ್ರ ಕೈಗೆ ಬರುತ್ತಿತ್ತು, ಅಷ್ಟೆ. ಪ್ರೋಗ್ರಾಮಿನ ದಾರಿಯಲ್ಲಿ ಇಂಥ ತಪ್ಪಾಗಿದ್ದರೆ ಒಂದೇ ಬಣ್ಣದ ಖಾಲಿ ಪರದೆ ಬಂದು ಕೂರುತ್ತಿತ್ತು, ಅದರಲ್ಲಿ ಓದಲು ಏನೂ ಇರುವುದಿಲ್ಲ.

ಕಾರ್ಟ್ರಿಜ್ ಎಂದರೆ ಆಟ ತುಂಬಿಟ್ಟ ಡಬ್ಬಿ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಸಿಡಿ ಹಾಗೆ, ಪೆನ್‌ಡ್ರೈವ್ ಹಾಗೆ. ಒಂದನ್ನು ಕೈಯಾರೆ ಮಾಡಲು ಕೂತರೆ ಆ ತಿಳಿವಳಿಕೆ ಉಳಿಯುವುದಿಲ್ಲ. ಕಾರ್ಟ್ರಿಜ್ ಎಂದರೆ ಯಂತ್ರದ ಇನ್ನರ್ಧ. ಸಿಕ್ಕಿಸುವ ತನಕ ಕನ್ಸೋಲ್ ಅಪೂರ್ಣ.

ಆಟದ ಪ್ರೋಗ್ರಾಮನ್ನು ರಾಮ್ ಚಿಪ್‌ನಲ್ಲಿಟ್ಟು ಬದಲಾಯಿಸುವ ಹಾಗೆ ಮಾಡಿದ ಮೊದಲ ಮನೆ ಕನ್ಸೋಲ್ 1976ರ ಫೇರ್‌ಚೈಲ್ಡ್ ಚಾನೆಲ್ ಎಫ್, ಅದರ ತಂಡವನ್ನು ಮುನ್ನಡೆಸಿದವರು ಜೆರ್ರಿ ಲಾಸನ್. (ಕಂಪ್ಯೂಟರಿನ ಮೆಮೊರಿ ಎಂದು ನಾವು ಸಾಮಾನ್ಯವಾಗಿ ಹೇಳುವ ರ‍್ಯಾಮ್ ಬೇರೆ, ಇದು ಕರೆಂಟ್ ಹೋದರೂ ಬರೆದದ್ದು ಅಳಿಯದ ರಾಮ್, ROM.) ಮರುವರ್ಷ ಅಟಾರಿ 2600 ಬಂತು. ಅದರ ಕಾರ್ಟ್ರಿಜ್‌ಗೆ 24 ಪಿನ್, 4 ಕಿಲೋಬೈಟ್ ಜಾಗ. ಸರಳ ಎಂದು ಕೈ ಹಾಕಿದವರು ಅಲ್ಲಿಯೂ ಒಮ್ಮೆ ಎಡವುತ್ತಾರೆ. ಅಟಾರಿಯ ಎ12 ತಂತಿಯ ವೋಲ್ಟೇಜ್ ಮೇಲಕ್ಕೆ ಹೋದಾಗ ಕಾರ್ಟ್ರಿಜ್ ಉತ್ತರ ಕೊಡಬೇಕು. ನಾವು ಕೊಂಡು ತರುವ, ಮನೆಯಲ್ಲೇ ಬರೆದು ಅಳಿಸಬಹುದಾದ ಇಪಿರಾಮ್ ಚಿಪ್‌ನ ಆಯ್ಕೆಯ ಕಾಲು ಕೆಳಕ್ಕೆ ಹೋದಾಗ ಎಚ್ಚರವಾಗುತ್ತದೆ. ಎರಡರ ನಡುವೆ ಒಂದು ಇನ್ವರ್ಟರ್, ಅಂದರೆ ಮೇಲಿದ್ದದ್ದನ್ನು ಕೆಳಗೆ, ಕೆಳಗಿದ್ದದ್ದನ್ನು ಮೇಲೆ ಮಾಡುವ 7404 ಜಾತಿಯ ಚಿಪ್, ಬೇಕೇ ಬೇಕು. ಇಡೀ ಆಟ ಒಂದು ‘ಅಲ್ಲ’ದ ಮೇಲೆ ನಿಂತಿರುತ್ತದೆ.

ನಿಂಟೆಂಡೊ ಕಂಪನಿಯದೇ ಆದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ರೀತಿ ಬೇರೆ. ಆನ್ ಮಾಡಿದಾಗ ಮೇಲಿನಿಂದ ಇಳಿದು ಬರುವ ನಿಂಟೆಂಡೊ ಲೋಗೊ ಯಂತ್ರದೊಳಗಿಂದ ಬರುವುದಲ್ಲ, ಕಾರ್ಟ್ರಿಜ್‌ನಿಂದ ಓದಿದ್ದು. ಅದರ 48 ಬೈಟ್‌ಗಳನ್ನು ಯಂತ್ರ ತನ್ನೊಳಗಿನ ಪ್ರತಿಯೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಮಸಿಯಾದ ಪಿನ್ ಇದ್ದಾಗ ಲೋಗೊ ಜಾಗದಲ್ಲಿ ಕಪ್ಪು ಪಟ್ಟಿ ಬರುತ್ತದಲ್ಲ, ಅದು ಇದೇ. ಚಿಕ್ಕಂದಿನಲ್ಲಿ ಊದಿ ಊದಿ ಹಾಕುತ್ತಿದ್ದೆವು. ನಾವು ನೋಡುತ್ತಿದ್ದದ್ದು ಎಂಟು ಡೇಟಾ ತಂತಿಗಳ ಸ್ಥಿತಿಯ ಚಿತ್ರ ಎಂದು ಆಗ ಯಾರಿಗೆ ಗೊತ್ತಿತ್ತು.

ನನ್ನ ಬೋರ್ಡಿಗೆ ಮರಳುತ್ತೇನೆ. ಬೋರ್ಡ್ ಬಿಡಿಸುವ ಪ್ರೋಗ್ರಾಮ್ ಆದ ಕೈಕ್ಯಾಡ್‌ನಲ್ಲಿ ನಾನೇ ಬಿಡಿಸಿ, ಬೋರ್ಡ್ ಮಾಡಿಕೊಡುವವರಿಗೆ ಕಳಿಸಿ ತರಿಸಿದ್ದು. ಕನೆಕ್ಟರಿನ ಚಿಹ್ನೆಯನ್ನು ಬರೆಯುವಾಗ ಅಕ್ಕಪಕ್ಕದ ಎರಡು ಪಿನ್‌ಗಳ ಹೆಸರು ಅದಲುಬದಲಾಗಿತ್ತು. ಬಂದ ಐದೂ ಬೋರ್ಡುಗಳಲ್ಲಿ ಅದೇ ತಪ್ಪು.

ಈಗ ಎರಡು ದಾರಿ. ಬ್ಲೇಡಿನಿಂದ ತಾಮ್ರದ ಎರಡು ಗೆರೆ ಕತ್ತರಿಸಿ, ಕೂದಲಿನಷ್ಟು ತೆಳುವಾದ ಎನಾಮೆಲ್ ತಂತಿಯಿಂದ ಅಡ್ಡ ಜೋಡಿಸುವುದು ಒಂದು. ಬೋರ್ಡನ್ನು ಮುಟ್ಟದೆ ಫೈಲಿನಲ್ಲೇ ಒಂದನೆಯ ಚೌಕವನ್ನು ಎರಡನೆಯದರ ಜಾಗದಲ್ಲಿಟ್ಟು, ಹೀಗೇ ಕೊನೆಯ ತನಕ ಬದಲಿಸಿ ಚಿಪ್‌ಗೆ ಬರೆಯುವುದು ಇನ್ನೊಂದು. ತಪ್ಪಿನ ಮೇಲೆ ತಪ್ಪು ಕೂತು ಪರದೆ ಸರಿಯಾಗುತ್ತದೆ. ಇದು ಕಳ್ಳದಾರಿಯಲ್ಲ. ಗೆರೆಗಳು ಸುಲಭವಾಗಿ ಹಾಯಲಿ ಎಂದು ಬೋರ್ಡ್ ಬಿಡಿಸುವವರು ಬೇಕೆಂದೇ ಹೀಗೆ ಮಾಡುವುದುಂಟು. ಓದಲಷ್ಟೇ ಇರುವ ಚಿಪ್‌ಗೆ ತನ್ನೊಳಗಿನ ಕ್ರಮ ಯಾವುದಾದರೂ ಒಂದೇ. ಐದೇ ನಿಮಿಷದ ಕೆಲಸ.

ನಾನು ಬ್ಲೇಡ್ ತೆಗೆದುಕೊಂಡೆ. ಚಿಪ್‌ನಲ್ಲಿರುವುದು ಫೈಲಿನಲ್ಲಿರುವುದೇ ಆಗಿರಬೇಕು ಎಂಬುದು ನನ್ನ ಹಟ. ನಾಳೆ ಈ ಚಿಪ್ಪನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿದರೂ ಆಟ ಓಡಬೇಕು. ಯಾರೋ ಅದನ್ನು ಓದುವ ಯಂತ್ರದಲ್ಲಿಟ್ಟರೆ ಸಿಗುವುದು ನಾನು ಬರೆದ ಆಟವೇ ಆಗಿರಬೇಕು, ನನ್ನ ಬೋರ್ಡಿನ ತಪ್ಪಿಗೆ ಹೊಂದಿಸಿ ತಿರುಚಿದ ಆಟ ಅಲ್ಲ. ಗೆರೆ ಕತ್ತರಿಸಿ, ಎನಾಮೆಲ್ ಕೆರೆದು, ಎರಡು ತಂತಿ ಬೆಸೆಯಲು ಒಂದು ಬೋರ್ಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಐದಕ್ಕೂ ಮಾಡಿದೆ.

ಆಟ ಚಿಕ್ಕದು: ಪ್ರೋಗ್ರಾಮಿಗೆ 32 ಕಿಲೋಬೈಟ್, ಚಿತ್ರಗಳಿಗೆ 8. ಸೂಪರ್ ಮಾರಿಯೊ ಬ್ರದರ್ಸ್ ಆಟ ಇಡಿಯಾಗಿ ಕೂತಿದ್ದೂ ಇದೇ 40 ಕಿಲೋಬೈಟ್‌ಗಳಲ್ಲಿ. ಇದಕ್ಕಿಂತ ದೊಡ್ಡ ಆಟಕ್ಕೆ ಮ್ಯಾಪರ್ ಬೇಕು, ಅಂದರೆ ಚಿಪ್‌ನ ಬೇರೆ ಬೇರೆ ಭಾಗಗಳನ್ನು ಸರದಿಯ ಮೇಲೆ ಪ್ರೊಸೆಸರಿನ ಕಿಟಕಿಗೆ ತಂದು ನಿಲ್ಲಿಸುವ ಏರ್ಪಾಡು. ಸರಳವಾದದ್ದನ್ನು ಎರಡು ಸಾಮಾನ್ಯ ಲಾಜಿಕ್ ಚಿಪ್‌ಗಳಲ್ಲಿ ಕಟ್ಟಬಹುದು: ಒಂದು 74161, ಒಂದು 7432. ಎಂಎಂಸಿ3 ಎಂಬ ನಿಂಟೆಂಡೊ ಮ್ಯಾಪರ್ ಮಾತ್ರ ನನ್ನನ್ನು ಇನ್ನೂ ಬೆರಗಾಗಿಸುತ್ತದೆ. ಅದು ಚಿತ್ರದ ದಾರಿಯ ಎ12 ತಂತಿ ಮೇಲೆ ಕೆಳಗೆ ಆಗುವುದನ್ನು ಗಮನಿಸುತ್ತ, ಪರದೆಯ ಎಷ್ಟನೆಯ ಗೆರೆ ಬಿಡಿಸಲಾಗುತ್ತಿದೆ ಎಂದು ಎಣಿಸುತ್ತದೆ. ಕನ್ಸೋಲ್ ಯಾವತ್ತೂ ಹೇಳದ ಸಂಗತಿಯನ್ನು ಕಾರ್ಟ್ರಿಜ್ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ತಿಳಿಯುತ್ತದೆ.

ಇನ್ನೊಂದು ಚಿಕ್ಕ ಸಂಗತಿ ಇದಕ್ಕೆ ಸೇರಿದ್ದೇ. ಎನ್‌ಇಎಸ್ ನಾಲ್ಕು ಪರದೆಗಳ ವಿಳಾಸ ಇಟ್ಟುಕೊಂಡಿದೆ, ಎರಡಕ್ಕಾಗುವಷ್ಟೇ ಮೆಮೊರಿ ಇಟ್ಟುಕೊಂಡಿದೆ. ಆ ಎರಡು ಪಕ್ಕಪಕ್ಕ ಇರಬೇಕೋ ಮೇಲೆ ಕೆಳಗೆ ಇರಬೇಕೋ ಎಂದು ತೀರ್ಮಾನಿಸುವುದು ಕಾರ್ಟ್ರಿಜ್. ಸರಳ ಬೋರ್ಡುಗಳಲ್ಲಿ ಆ ತೀರ್ಮಾನ ಒಂದು ತೊಟ್ಟು ಬೆಸುಗೆ. ಒಂದು ಪಿನ್ನನ್ನು ಎ10ಕ್ಕೆ ಸೇರಿಸಿದರೆ ಪಕ್ಕಪಕ್ಕ, ಎ11ಕ್ಕೆ ಸೇರಿಸಿದರೆ ಮೇಲೆ ಕೆಳಗೆ. ನನ್ನ ಎರಡನೆಯ ಬೋರ್ಡಿನಲ್ಲಿ ಈ ತೊಟ್ಟು ತಪ್ಪು ಕಡೆ ಬಿದ್ದಿತ್ತು. ಆಕೃತಿ ಬಲಕ್ಕೆ ಓಡಿದ ಹಾಗೆ ಮುಂದಿನ ಊರಿನ ಬದಲು ಹಿಂದೆ ಬಿಟ್ಟು ಬಂದ ಊರೇ ಮತ್ತೆ ಎದುರಾಗುತ್ತಿತ್ತು.

ಇಪಿರಾಮ್ ಚಿಪ್‌ಗಳನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಂಗಡಿಯ ಮೂಲ ಕಾರ್ಟ್ರಿಜ್‌ಗಳಲ್ಲಿ ಇರುತ್ತಿದ್ದದ್ದು ಮಾಸ್ಕ್ ರಾಮ್. ಬಿಟ್‌ಗಳನ್ನು ಕಾರ್ಖಾನೆಯಲ್ಲೇ ಸಿಲಿಕಾನ್‌ನಲ್ಲಿ ಅಚ್ಚು ಹಾಕಿರುತ್ತಾರೆ, ಸಾವಿರಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತದೆ. ಒಂದೇ ಪ್ರತಿ ಬೇಕಾದವನಿಗೆ 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ದಾರಿ ಮಾಡಿಕೊಟ್ಟರು. ಸುತ್ತಲೂ ನಿರೋಧಕದಿಂದ ಮುಚ್ಚಿದ ಒಂದು ಪುಟ್ಟ ಗೇಟಿಗೆ ಹೆಚ್ಚಿನ ವೋಲ್ಟೇಜ್‌ನಿಂದ ಎಲೆಕ್ಟ್ರಾನ್‌ಗಳನ್ನು ತಳ್ಳಿ ಕೂರಿಸಿದರೆ ಅವು ಹೊರಬರಲಾರದೆ ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಖಾಲಿ ಚಿಪ್‌ನಲ್ಲಿ ಎಲ್ಲ ಬಿಟ್ಟೂ 1. ಬರೆಯುವುದು ಎಂದರೆ ಬೇಕಾದ ಕಡೆ 0 ಮಾಡುವುದು. ಅಳಿಸಬೇಕಾದರೆ ಚಿಪ್‌ನ ನೆತ್ತಿಯ ಮೇಲಿನ ಕ್ವಾರ್ಟ್ಜ್ ಕಿಟಕಿಯ ಮೂಲಕ 253.7 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿಡಬೇಕು. ಸುಮಾರು ಇಪ್ಪತ್ತು ನಿಮಿಷಕ್ಕೆ ಮತ್ತೆ ಎಲ್ಲ 1. ಆ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು, ಮುಚ್ಚಳ ತೆರೆದರೆ ತಾನೇ ಆರಿಹೋಗುವ ಪೆಟ್ಟಿಗೆಯನ್ನೇ ಬಳಸಿ. ಬರೆದಾದ ಮೇಲೆ ಕಿಟಕಿಗೆ ಬೆಳಕು ತೂರದ ಚೀಟಿ ಅಂಟಿಸಬೇಕು. ನೇರ ಬಿಸಿಲಿಗೆ ಇಟ್ಟರೆ ಸುಮಾರು ಒಂದು ವಾರದಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು ಮೂರು ವರ್ಷದಲ್ಲಿ ಅಳಿಸಿಹೋಗಬಹುದು ಎಂದು ಡೇಟಾಶೀಟ್‌ಗಳಲ್ಲೇ ಬರೆದಿರುತ್ತದೆ. ಕರೆಂಟಿನಿಂದಲೇ ಅಳಿಸಬಹುದಾದ ಫ್ಲಾಶ್ ಚಿಪ್‌ಗಳು ಇದಕ್ಕಿಂತ ಎಷ್ಟೋ ಸುಲಭ, ಇದನ್ನು ಒಪ್ಪುತ್ತೇನೆ. ಆದರೂ ಆ ಕಿಟಕಿಯಿಂದ ಒಳಗಿನ ಸಿಲಿಕಾನ್ ಚೂರನ್ನು, ಅದರ ಸುತ್ತಲಿನ ಚಿನ್ನದೆಳೆಯಂಥ ತಂತಿಗಳನ್ನು ಕಣ್ಣಾರೆ ನೋಡಬಹುದು. ಆಟ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ಫ್ಲಾಶ್ ಬಳಸುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಎನ್‌ಇಎಸ್, ಸೂಪರ್ ನಿಂಟೆಂಡೊ, ಮೆಗಾ ಡ್ರೈವ್, ಮೊದಲ ಗೇಮ್ ಬಾಯ್, ಇವೆಲ್ಲ 5 ವೋಲ್ಟ್ ಯಂತ್ರಗಳು. ಈಗ ಸುಲಭವಾಗಿ ಸಿಗುವ ದೊಡ್ಡ ಫ್ಲಾಶ್ ಚಿಪ್‌ಗಳು ಹೆಚ್ಚಾಗಿ 3.3 ವೋಲ್ಟಿನವು. ನಡುವೆ ವೋಲ್ಟೇಜ್ ಹೊಂದಿಸುವ ಚಿಪ್ ಇಡದೆ ನೇರ ಜೋಡಿಸಿದರೂ ಆಟ ಓಡಿಬಿಡುತ್ತದೆ, ಅದೇ ಅಪಾಯ. ಓಡುತ್ತಿದೆಯಲ್ಲ ಎಂದು ಬಿಟ್ಟರೆ ಚಿಪ್ ತನ್ನ ಮಿತಿ ಮೀರಿದ ಒತ್ತಡದಲ್ಲೇ ದಿನ ಕಳೆಯುತ್ತದೆ, ಆ ಭಾರ ಕನ್ಸೋಲಿನ ಮೇಲೂ ಬೀಳಬಹುದು. ಮಾರಾಟಕ್ಕೆ ಬರುವ ಎಷ್ಟೋ ಅಗ್ಗದ ನಕಲುಗಳಲ್ಲಿ ವೋಲ್ಟೇಜ್ ಹೊಂದಿಸುವ ಈ ಒಂದು ಚಿಪ್ಪನ್ನೇ ಹಾಕದೆ ಬಿಟ್ಟು ದುಡ್ಡು ಉಳಿಸಿರುತ್ತಾರೆ. ಅಂಚನ್ನೂ ಹಾಗೇ ಬಿಟ್ಟಿರುತ್ತಾರೆ. ಕನ್ಸೋಲಿನೊಳಗೆ ಹೋಗುವ ಅಂಚು ಇಳಿಜಾರಾಗಿ ಸವೆಸಿರಬೇಕು, ಮೇಲೆ ಚಿನ್ನದ ಲೇಪ ಇರಬೇಕು. ಬರೀ ಸೀಸದ ಬೆಸುಗೆ ಬಳಿದ ಒರಟು ಅಂಚು ಒಂದೊಂದು ಸಲ ಹಾಕಿ ತೆಗೆದಾಗಲೂ ಸ್ಲಾಟಿನ ಪಿನ್‌ಗಳನ್ನು ಉಜ್ಜುತ್ತದೆ. ದಪ್ಪವೂ ಮುಖ್ಯ: ಗೇಮ್ ಬಾಯ್ ಬೋರ್ಡು 0.8 ಮಿಲಿಮೀಟರ್, ಬೋರ್ಡ್ ಮಾಡುವವರು ಕೇಳದೆ ಕೊಡುವ ಅಳತೆ 1.6. ಕಾರ್ಟ್ರಿಜ್ ಹಾಳಾದರೆ ಇನ್ನೊಂದು ಮಾಡಬಹುದು. ಹಳೆಯ ಕನ್ಸೋಲನ್ನು ಇನ್ನು ಯಾರೂ ಮಾಡುವುದಿಲ್ಲ.

ಬೀಗದ ಚಿಪ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎನ್‌ಇಎಸ್ ಒಳಗೊಂದು, ಕಾರ್ಟ್ರಿಜ್ ಒಳಗೊಂದು ಪುಟ್ಟ ಚಿಪ್ ಸದಾ ಗುರುತಿನ ಮಾತಾಡಿಕೊಳ್ಳುತ್ತವೆ. ಮಾತು ತಪ್ಪಿದರೆ ಕನ್ಸೋಲ್ ಸುಮಾರು ಸೆಕೆಂಡಿಗೊಮ್ಮೆ ತನ್ನನ್ನೇ ರೀಸೆಟ್ ಮಾಡಿಕೊಳ್ಳುತ್ತದೆ. ಆ ಮಿನುಗುವ ಪರದೆ ಕಂಡರೆ ಬೇರೇನೂ ಹುಡುಕಬೇಡಿ. ಎಂಟು ಕಾಲಿನ ಪುಟ್ಟ ಮೈಕ್ರೋಕಂಟ್ರೋಲರ್ ಒಂದಕ್ಕೆ ಅದೇ ಮಾತನ್ನು ಕಲಿಸಿ ಹಾಕಿದರೆ ಆಯಿತು. ಎನ್‌ಇಎಸ್‌ನ ಮೂಲ ರೂಪವಾದ 1983ರ ಜಪಾನಿನ ಫ್ಯಾಮಿಕಾಮ್‌ನಲ್ಲಿ ಈ ಬೀಗವೇ ಇರಲಿಲ್ಲ.

ಇನ್ನು, ಮನಸ್ಸಿಗೆ ನೋವಾಗುವ ವಿಷಯ. ಈ ಹವ್ಯಾಸದ ಮೊದಲ ದಿನಗಳಲ್ಲಿ ಹೊಸ ಬೋರ್ಡ್ ಮಾಡಿಸುವುದು ಸುಲಭವಿರಲಿಲ್ಲ. ಯಾರಿಗೂ ಬೇಡವಾದ ಹಳೆಯ ಕ್ರೀಡೆಯ ಆಟಗಳನ್ನು ಬಿಚ್ಚಿ, ಮಾಸ್ಕ್ ರಾಮ್ ಕಿತ್ತು, ಆ ಜಾಗಕ್ಕೆ ಇಪಿರಾಮ್ ಕೂರಿಸುತ್ತಿದ್ದರು. ಕೆಲವು ಚಿಪ್‌ಗಳ ಕಾಲುಗಳ ಕ್ರಮ ಬೇರೆ ಇರುತ್ತಿದ್ದರಿಂದ ಕಾಲು ಮೇಲೆತ್ತಿ ತಂತಿ ಎಳೆಯುತ್ತಿದ್ದರು. ಎಂಎಂಸಿ3ಯಂಥ ಮ್ಯಾಪರ್ ಬೇಕಿದ್ದರೆ ಹಳೆಯ ಕಾರ್ಟ್ರಿಜ್‌ನಿಂದಲೇ ತೆಗೆಯಬೇಕಿತ್ತು. ನಾನೂ ಒಂದನ್ನು ಹಾಗೆ ಬಿಚ್ಚಿದ್ದೇನೆ. ಕಿತ್ತ ಚಿಪ್ ಇನ್ನೂ ಮೇಜಿನ ಸೆಳೆಖಾನೆಯಲ್ಲಿದೆ. ಅದು ಯಾರಿಗೂ ಬೇಡದ ಆಟ ಎಂದು ತೀರ್ಮಾನಿಸಿದವನು ನಾನು. ಅದನ್ನು ಬರೆದವರು ಹಾಗೆ ತೀರ್ಮಾನಿಸಿರಲಿಲ್ಲ. ಅದಾದ ಮೇಲೆ ಇನ್ನೊಂದನ್ನು ಬಿಚ್ಚಿಲ್ಲ. ಹೊಸ ಬೋರ್ಡು, ಹೊಸ ಪ್ಲಾಸ್ಟಿಕ್ ಕವಚ ಸಿಗುವ ಈ ಕಾಲದಲ್ಲಿ ಬಿಚ್ಚಬೇಕಾದ ಅಗತ್ಯವೂ ಇಲ್ಲ.

ನಕಲನ್ನು ಅಸಲಿ ಎಂದು ಮಾರುವವರ ಬಗ್ಗೆ ನನಗೆ ಸಿಟ್ಟಿದೆ. ಆಟ ಮೂವತ್ತು ವರ್ಷ ಹಳೆಯದಾದರೂ ಅದರ ಹಕ್ಕು ಬರೆದವರದ್ದೇ ಅಥವಾ ಅವರಿಂದ ಕೊಂಡವರದ್ದೇ. ಅದರ ಜೊತೆಗೆ ಇನ್ನೊಂದು ಕೆಡುಕೂ ಇದೆ. ಹಳೆಯ ಚೀಟಿಯನ್ನು ಹಾಗೇ ಮುದ್ರಿಸಿ, ಕವಚವನ್ನು ಹಳತಾದಂತೆ ಮಾಡಿ ಮಾರಿದರೆ ಮುಂದೆ ಯಾವುದೋ ಒಂದನ್ನು ಕೈಯಲ್ಲಿ ಹಿಡಿದವರಿಗೆ ಅದು 1988ರದ್ದೋ ಮೊನ್ನೆಯದೋ ಗೊತ್ತಾಗುವುದಿಲ್ಲ. ನನ್ನ ಬೋರ್ಡುಗಳ ತಾಮ್ರದಲ್ಲೇ ನನ್ನ ಹೆಸರು, ಮಾಡಿದ ವರ್ಷ ಇದೆ. ಚೀಟಿ ಕಿತ್ತರೂ ಅದು ಹೋಗುವುದಿಲ್ಲ. ಹಾಕುವುದು ನಾನು ಬರೆದ ಆಟ, ಅಥವಾ ಬರೆದವರು ಹಂಚಲು ಒಪ್ಪಿದ ಹೊಸ ಆಟ.

ಎಮ್ಯುಲೇಟರ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಎಮ್ಯುಲೇಟರ್ ಇಲ್ಲದಿದ್ದರೆ ನಾನು ಆಟ ಬರೆಯಲು ಕಲಿಯುತ್ತಲೇ ಇರಲಿಲ್ಲ. ಆದರೆ ಅಲ್ಲಿ ಒಂದರ ನಂತರ ಎರಡೇ ಬರುತ್ತದೆ, ಯಾವಾಗಲೂ. ಎ4 ಎಂಬ ತಂತಿ ಇದೆ ಎಂದೇ ಅದು ನನಗೆ ಹೇಳುತ್ತಿರಲಿಲ್ಲ.

ಆ ಐದು ಬೋರ್ಡುಗಳಲ್ಲಿ ನಾಲ್ಕನ್ನು ಗೆಳೆಯರಿಗೆ ಕೊಟ್ಟೆ. ಮೊದಲನೆಯದು ನನ್ನ ಹತ್ತಿರ ಇದೆ, ಎರಡು ತೆಳು ತಂತಿಗಳು ಅಡ್ಡ ಹಾದುಹೋಗಿರುವುದು. ಗೇಟಿನಲ್ಲಿ ಕೂತ ಎಲೆಕ್ಟ್ರಾನ್‌ಗಳು ಬಹಳ ನಿಧಾನವಾಗಿ ಸೋರುತ್ತವೆ. ಸಾಕಷ್ಟು ಸೋರಿದ ದಿನ ಯಾವುದೋ ಒಂದು 0 ಮತ್ತೆ 1 ಆಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಎರಡೂ ಚಿಪ್‌ಗಳನ್ನು ಸಾಕೆಟ್ಟಿನಿಂದ ಬಿಡಿಸಿ, ಚಿಪ್ ಬರೆಯುವ, ಓದುವ ಪ್ರೋಗ್ರಾಮರ್ ಯಂತ್ರದಲ್ಲಿಟ್ಟು ಓದಿ, ಬಂದ ಚೆಕ್‌ಸಮ್ ಅನ್ನು, ಅಂದರೆ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ಎಂಟು ಅಕ್ಷರದ ಗುರುತನ್ನು, ಚೀಟಿಯ ಮೇಲೆ ಬರೆದಿಟ್ಟದ್ದರ ಜೊತೆ ಹೋಲಿಸುತ್ತೇನೆ. ಈ ಸಲ ಚಿತ್ರದ ಚಿಪ್‌ನ ಚೀಟಿಯ ಒಂದು ಮೂಲೆ ಎದ್ದಿತ್ತು, ಕಿಟಕಿಯ ಅಂಚು ಕೊಂಚ ಕಾಣುತ್ತಿತ್ತು. ಓದಿದೆ, ಎಂಟೂ ಅಕ್ಷರ ಹೊಂದಿದವು. ಹಳೆಯ ಚೀಟಿ ಕಿತ್ತು, ಹೊಸದನ್ನು ಒತ್ತಿ ಅಂಟಿಸಿ, ಅದೇ ಎಂಟು ಅಕ್ಷರಗಳನ್ನು ಮತ್ತೆ ಬರೆದೆ.